ಕೆರೆಯ ಮೀನು ಕದ್ದವರು ಯಾರು? ಮಿಂಚುಳ್ಳಿಯನ್ನು ಬಿಟ್ಟುಬಿಡಿ

ಪ್ರಶ್ನೆ: ಮಾಷ್ಟ್ರೇ, ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ತೋಟದ ಬದಿಯಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬಂದು ಬೀಳುವಲ್ಲಿ, ಮುರಕಲ್ಲು ಕಡಿದು ಮಾಡಿದ ಸಣ್ಣ ಕೆರೆ ಇದೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, ಒಂದು ಮೂಲೆಯಲ್ಲಿ ಇಳಿಯಲಿಕ್ಕೆ ಎರಡು ಮೆಟ್ಟಿಲು. ದೀಪಾವಳಿ ಕಳೆದ ಮೇಲೆ ಮಕ್ಕಳ ಖುಷಿಗೆ ಅಂತ 40 ಗೋಲ್ಡ್ ಫಿಶ್, ಕೋಯಿ ತಂದು ಬಿಟ್ಟೆವು. ಈಗ ಶಿವರಾತ್ರಿ ಹೊತ್ತಿಗೆ ಲೆಕ್ಕ ಹಾಕಿದರೆ 11. ಸತ್ತು ತೇಲಿದ್ದು ಒಂದೂ ಇಲ್ಲ. ಒಂದು ನೀಲಿ ಮಿಂಚುಳ್ಳಿ ದಿನಾ ಮೋಟಾರಿನ ವಯರ್ ಮೇಲೆ ಕೂತಿರುತ್ತದೆ. ಒಮ್ಮೆ ನೀರೊಳ್ಳೆ ಹಾವೂ ಕಂಡಿತು. ಭಾವ ಬಲೆ ಹಾಕು ಅನ್ನುತ್ತಾನೆ, ನೆರೆಮನೆಯವರು ಕ್ಯಾಟರ್‌ಬಿಲ್ಲಿನಲ್ಲಿ ಒಂದು ಬಿಟ್ಟರೆ ಹಕ್ಕಿ ಮತ್ತೆ ಬರುವುದಿಲ್ಲ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಕ್ಯಾಟರ್‌ಬಿಲ್ಲು ಒಳಗಿಡಿ. ಮಿಂಚುಳ್ಳಿ, ಬಕ, ನೀರೊಳ್ಳೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತವೆ. ಅದು ಇರಲಿ, ನೀವು ಹೊಡೆಯಲು ಹೊರಟದ್ದು ಕಳ್ಳನಿಗೇ ಅಲ್ಲ ಅಂತ ನನಗೆ ಅನಿಸುತ್ತದೆ.

ಆ ಹಕ್ಕಿಯನ್ನು ನಾಳೆ ಸರಿಯಾಗಿ ನೋಡಿ. ತಲೆ ಕಂದು, ಎದೆ ಬಿಳಿ, ಕೊಕ್ಕು ಕೆಂಪು ಇದ್ದರೆ ಅದು ಗದ್ದೆ ಮಿಂಚುಳ್ಳಿ. ಹೆಸರಿಗೆ ಮೀನಿನ ಹಕ್ಕಿ, ಆದರೆ ಊಟದಲ್ಲಿ ಮಿಡತೆ, ಹಲ್ಲಿ, ಏಡಿ, ಕಪ್ಪೆಗಳೇ ಜಾಸ್ತಿ. ತೋಟದಲ್ಲಿ ವಯರ್ ಮೇಲೆ ಕೂತು ನೆಲ ನೋಡುವುದು ಇದೇ. ಹೊಟ್ಟೆ ಕೇಸರಿ, ಗಾತ್ರ ಹೆಚ್ಚುಕಡಿಮೆ ಗುಬ್ಬಿಯಷ್ಟು ಅಂತಾದರೆ ಅದು ಕಿರು ಮಿಂಚುಳ್ಳಿ. ಅದು ಮೀನನ್ನೇ ಹಿಡಿಯುತ್ತದೆ, ಹೌದು, ಆದರೆ ಬೆರಳುದ್ದದ್ದು. ಅಂಗೈಯಷ್ಟು ಬೆಳೆದ ಕೋಯಿಯನ್ನು ಅದು ಎತ್ತುವುದು ಎಲ್ಲಿಂದ ಬಂತು!

ಲೆಕ್ಕ ನೋಡುವ. ಸುಮಾರು ಮೂರೂವರೆ ತಿಂಗಳಲ್ಲಿ 29 ಮೀನು, ಅಂದರೆ ವಾರಕ್ಕೆ ಎರಡು. ನೀರುನಾಯಿ ಬಂದಿದ್ದರೆ ಇಷ್ಟು ನಿಧಾನ ಮಾಡುತ್ತಿರಲಿಲ್ಲ, ಎರಡು ರಾತ್ರಿಯಲ್ಲಿ ಕೆರೆ ಖಾಲಿ ಮಾಡಿ, ದಡದಲ್ಲಿ ಮೀನಿನ ತಲೆ, ಹುರುಪೆ, ಏಡಿಯ ಚಿಪ್ಪು ಸೇರಿದ ನಾರುವ ಹಿಕ್ಕೆ ಬಿಟ್ಟು ಹೋಗುತ್ತಿತ್ತು. ಹೊಳೆಬದಿಯ ತೋಟದವರು ಮಾತ್ರ ಅದರ ಬಗ್ಗೆ ಯೋಚನೆ ಮಾಡಿದರೆ ಸಾಕು. ನೀರೊಳ್ಳೆ ಒಂದು ಹೊಟ್ಟೆ ತುಂಬಿದರೆ ಕೆಲವು ದಿನ ಸುಮ್ಮನಿರುತ್ತದೆ, ಅದೂ ನಿಮ್ಮ ಲೆಕ್ಕಕ್ಕೆ ಸ್ವಲ್ಪ ಹೊಂದುತ್ತದೆ. ಆದರೆ ನನ್ನ ಸಂಶಯ ಆ ಎರಡು ಮೆಟ್ಟಿಲಿನ ಮೇಲೆ.

ನಮ್ಮ ಮನೆಯ ಕೆರೆಯಲ್ಲೂ ಹೀಗೇ ಆಗಿತ್ತು. ಒಂದು ವರ್ಷ ಪೂರ್ತಿ ಮಿಂಚುಳ್ಳಿಗೆ ಬೈದೆ. ಆಮೇಲೆ ಒಂದು ದಿನ ಬೆಳಿಗ್ಗೆ ಆರೂಕಾಲಕ್ಕೆ ಬಚ್ಚಲಿನ ಕಿಟಕಿಯಿಂದ ನೋಡಿದರೆ ಮೆಟ್ಟಿಲ ಮೇಲೆ ಒಂದು ಮಣ್ಣಿನ ಮುದ್ದೆ. ಮುದ್ದೆ ಕುತ್ತಿಗೆ ಚಾಚಿತು, ಮೀನು ಹೋಯಿತು. ಕೊಳದ ಬಕ! ಕೂತರೆ ಕಂದು, ಒಣ ಸೋಗೆ ಬಿದ್ದ ಹಾಗೆ, ಕಣ್ಣಿಗೇ ಬೀಳುವುದಿಲ್ಲ. ಹಾರಿದಾಗ ಮಾತ್ರ ರೆಕ್ಕೆ ಬೆಳ್ಳಗೆ ಬಿಚ್ಚಿಕೊಳ್ಳುತ್ತದೆ, ಆಗ ನಾವು ‘ಅಯ್ಯೋ ಇದಾ’ ಅನ್ನುತ್ತೇವೆ.

ಈ ಬಕ ಹೆಚ್ಚಾಗಿ ಆಳವಿಲ್ಲದ ನೀರಲ್ಲಿ ಕಾಲಿಟ್ಟು ನಿಂತು ಕಾಯುತ್ತದೆ. ಮುರಕಲ್ಲಿನ ಕೆರೆಯ ಗೋಡೆ ನೇರ ಇಳಿದಿರುವುದರಿಂದ ಅದಕ್ಕೆ ನಿಲ್ಲಲು ಬೇರೆ ಜಾಗವೇ ಇಲ್ಲ, ಮೆಟ್ಟಿಲು ಬಿಟ್ಟರೆ. ಇನ್ನೊಂದು ಮಾತು, ಮಳೆಗಾಲದಲ್ಲಿ ಅದಕ್ಕೆ ಗದ್ದೆ ಇದೆ, ತೋಡಿದೆ, ಮದಕ ಇದೆ. ಫೆಬ್ರವರಿ ಹೊತ್ತಿಗೆ ಗದ್ದೆ ಒಣಗಿ, ಮದಕ ತಳ ಕಂಡು, ಸುತ್ತ ನೀರಿರುವುದು ನಿಮ್ಮ ಸುರಂಗದ ಬಾಯಲ್ಲಿ ಮಾತ್ರ. ಅದರಲ್ಲಿ ಕೆಂಪು, ಬಿಳಿ ಮೀನು. ಹಕ್ಕಿಗೆ ಹೋಟೆಲ್ ಬೋರ್ಡು ಹಾಕಿದ ಹಾಗೆ, ಅಲ್ವಾ?

ಹಾಗಂತ ನನ್ನ ಮಾತನ್ನೇ ನಂಬಬೇಡಿ. ನಾಲ್ಕು ದಿನ ಸಂಜೆ, ಬೆಳಿಗ್ಗೆ ತಿಂಡಿ ಹಾಕುವಾಗ ಮೀನು ಎಣಿಸಿ, ಮೇಲೆ ಬಂದೇ ಬರುತ್ತವೆ. ಹಗಲಲ್ಲಿ ಕಡಿಮೆಯಾದರೆ ಹಗಲಿನ ಹಕ್ಕಿ. ರಾತ್ರಿ ಕಡಿಮೆಯಾದರೆ ರಾತ್ರಿ ಬಕ, ಮೀನುಗೂಬೆ, ನೀರೊಳ್ಳೆ, ಇಲ್ಲವೇ ನಿಮ್ಮದೇ ಮನೆಯ ಬೆಕ್ಕು (ಇದನ್ನು ಯಾರೂ ಒಪ್ಪುವುದಿಲ್ಲ). ಮೆಟ್ಟಿಲ ಪಕ್ಕ ನುಣುಪಾದ ಹೊಯ್ಗೆ ಹರಡಿ ಒದ್ದೆ ಮಾಡಿಡಿ, ಬೆಳಿಗ್ಗೆ ಹೆಜ್ಜೆ ಸಿಕ್ಕುತ್ತದೆ.

ಬಕ ಅಂತ ಖಾತ್ರಿಯಾದರೆ ಇಡೀ ಕೆರೆಗೆ ಬಲೆ ಯಾಕೆ? ಮೆಟ್ಟಿಲಿನ ಮೂಲೆಗೆ ಮಾತ್ರ ದಪ್ಪ ನೂಲಿನ ಬಲೆಯನ್ನು ಚೌಕಟ್ಟಿಗೆ ಬಿಗಿದು ಅಡ್ಡ ಇಡಿ, ನೀವು ಇಳಿಯುವಾಗ ಎತ್ತಿಟ್ಟರಾಯಿತು. ನೀರುಕಾಗೆಯ ಕಾಟ ಇದ್ದರೆ ಮಾತ್ರ ಪೂರ್ತಿ ಮುಚ್ಚಬೇಕು, ಯಾಕೆಂದರೆ ಅದು ಮುಳುಗಿ ಬೆನ್ನಟ್ಟುತ್ತದೆ, ಆಳ ಇದ್ದರೂ ಬಿಡುವುದಿಲ್ಲ. ದಯವಿಟ್ಟು ತೆಳು ನೈಲಾನ್ ಮೀನುಬಲೆ ತಂದು ಸಡಿಲವಾಗಿ ಹಾಸಬೇಡಿ. ಕೇರೆ, ನೀರೊಳ್ಳೆ ಅದರಲ್ಲಿ ತಲೆ ತೂರಿಸಿ, ಹುರುಪೆ ಸಿಕ್ಕಿಕೊಂಡು, ಹಿಂದೆಯೂ ಬಾರದೆ ಮುಂದೆಯೂ ಹೋಗದೆ ಬಿಸಿಲಲ್ಲಿ ಸಾಯುತ್ತವೆ. ನಾನು ಕತ್ತರಿಯಲ್ಲಿ ಬಿಡಿಸಿದ್ದೇನೆ, ಆ ಕೆಲಸ ಯಾರಿಗೂ ಬೇಡ.

ಮೀನಿಗೆ ಅಡಗಲು ಜಾಗವೂ ಬೇಕು. ಹಳೆ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ, ಪಿವಿಸಿ ಪೈಪಿನ ತುಂಡು ಹಾಕಿ, ಒಂದು ಬದಿಗೆ ನೈದಿಲೆ ಬಿಡಿ. ಪ್ಲಾಸ್ಟಿಕ್ ಗೂಬೆ, ಹಳೆ ಸಿಡಿ ನೇತು ಹಾಕುವುದೆಲ್ಲ ಒಂದು ವಾರದ ಆಟ. ಆಮೇಲೆ ಹಕ್ಕಿ ಅದರ ಮೇಲೆಯೇ ಬಂದು ಕೂರುತ್ತದೆ.

ನೀರೊಳ್ಳೆಗೆ ವಿಷವಿಲ್ಲ. ಕೆಣಕಿದರೆ ಕಚ್ಚುತ್ತದೆ, ಕುತ್ತಿಗೆ ಚಪ್ಪಟೆ ಮಾಡಿ ತಲೆ ಎತ್ತುತ್ತದೆ, ಅದನ್ನು ನೋಡಿ ನಾಗರಹಾವು ಅಂತ ಹೆದರುವವರು ಬಹಳ. ಯಾವ ಹಾವು ಅಂತ ಗೊತ್ತಾಗದಿದ್ದರೆ ಕೈ ಹಾಕಬೇಡಿ. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ಹತ್ತಿರದ ತರಬೇತಿ ಪಡೆದವರ ನಂಬರ್ ಸಿಗುತ್ತದೆ.

ಪ್ರಶ್ನೆ: ಪೆರ್ಲದ ಕಡೆಯಿಂದ ಬರೆಯುತ್ತಿದ್ದೇನೆ. ಕಳೆದ ಜೂನ್‌ನಲ್ಲಿ ನಮ್ಮ ಕೆರೆಯ ಮೀನು ಒಂದೇ ದಿನ ಎಲ್ಲ ಸತ್ತು ತೇಲಿದವು. ಹಿಂದಿನ ದಿನ ನೀರಲ್ಲಿ ನೀರೊಳ್ಳೆ ಹಾವು ಇತ್ತು. ಅದು ವಿಷ ಉಗುಳಿತೇ?

ಉತ್ತರ: ಇಲ್ಲ. ತಿನ್ನಲು ಬಂದವರು ಮೀನು ಕೊಂದು ತೇಲಿಸಿ ಹೋಗುವುದಿಲ್ಲ, ಎತ್ತಿಕೊಂಡು ಹೋಗುತ್ತಾರೆ. ಎಲ್ಲ ಒಟ್ಟಿಗೆ ತೇಲಿದರೆ ನೀರೇ ಕೆಟ್ಟಿದೆ ಅಂತ ಅರ್ಥ. ಜೂನ್ ಅಂದಿರಲ್ಲ, ಆ ವಾರ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಟ್ಟಿದ್ದಿರಾ? ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿರುವ ತಾಮ್ರ ಮೀನಿನ ಕಿವಿರನ್ನು ಹಾಳು ಮಾಡುತ್ತದೆ. ನಮ್ಮ ಮುರಕಲ್ಲಿನ ನೆಲದ ನೀರು ಮೆದು, ಸ್ವಲ್ಪ ಹುಳಿ ಗುಣದ್ದು, ಅಂಥ ನೀರಲ್ಲಿ ತಾಮ್ರದ ಪೆಟ್ಟು ಇನ್ನೂ ಜೋರು. ಮರದಿಂದ ತೊಟ್ಟಿಕ್ಕಿದ್ದಷ್ಟೇ ಅಲ್ಲ, ಮದ್ದು ಬಿಟ್ಟ ಮೇಲೆ ಮಳೆ ಬಂದರೆ ಕಣಿಯಲ್ಲಿ ಹರಿದ ನೀರೂ ಕೆರೆಗೇ ಬರುತ್ತದೆ.

ಈ ವರ್ಷ ಮದ್ದು ಬಿಡುವ ದಿನ ಕೆರೆಗೆ ಟಾರ್ಪಾಲು ಮುಚ್ಚಿ, ಕಣಿಯ ನೀರನ್ನು ಬೇರೆ ಕಡೆ ತಿರುಗಿಸಿ. ಮದ್ದು ಬಿಡುವವರಿಗೆ ಮೊದಲೇ ಹೇಳಿ, ಡ್ರಮ್ಮು, ಪೈಪು ತೊಳೆಯುವುದು ಕೆರೆಬದಿಯಲ್ಲಿ ಬೇಡ ಅಂತ. ಸಂಜೆ ಕೆಲಸ ಮುಗಿಸಿ ಅವರು ಮೊದಲು ಹುಡುಕುವುದೇ ನೀರಿರುವ ಜಾಗವನ್ನು.