ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಲ್ಲಿ ಬಾಟ್‌ಗಳಿಂದ ಬೇಜಾರಾಗಲ್ವಾ?

ಮೊದಲ ಸಲ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದೆ, ಮನುಷ್ಯರಿಗಿಂತ ಮುಂಚೆ ಬಾಟ್ (ತಾನಾಗೇ ಕೆಲಸ ಮಾಡುವ ಪ್ರೋಗ್ರಾಂ) ಬಂತು, ಎಲ್ಲ ಕಡೆ ಹೀಗೇನಾ ಅಂತ ಕೇಳಿದ್ದೀರಿ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ. ಆದರೆ ಎಲ್ಲ ಬಾಟ್‌ಗಳ ಮೇಲೂ ಬೇಜಾರು ಮಾಡಿಕೊಳ್ಳಬೇಡಿ.

ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ನಡೆಸುವ ಕುಬರ್ನೆಟಿಸ್ ಅನ್ನುವ ದೊಡ್ಡ ಪ್ರಾಜೆಕ್ಟ್‌ಗೆ ಹೊಸಬರು ಕೋಡ್ ಕಳಿಸಿದರೆ ಬಾಟ್ ಬಂದು 'ನೀಡ್ಸ್ ಓಕೆ ಟು ಟೆಸ್ಟ್' (ಟೆಸ್ಟ್ ಮಾಡೋಕೆ ಒಪ್ಪಿಗೆ ಬೇಕು) ಅಂತ ಲೇಬಲ್ ಅಂಟಿಸುತ್ತದೆ. ಸದಸ್ಯರೊಬ್ಬರು ನೋಡಿ ಒಪ್ಪುವವರೆಗೂ ಟೆಸ್ಟ್ ಓಡುವುದಿಲ್ಲ. ಬಾಗಿಲಲ್ಲೇ ನಿಲ್ಲಿಸಿದ ಹಾಗೆ ಅನ್ನಿಸುತ್ತದೆ, ನಿಜ. ಆದರೆ ಗುರುತಿಲ್ಲದವರ ಕೋಡನ್ನು ತಮ್ಮ ಮೆಷಿನ್ ಮೇಲೆ ಸುಮ್ನೆ ಓಡಿಸೋಕಾಗಲ್ಲ, ಅಲ್ವಾ? ಟೆಸ್ಟ್ ಫೇಲ್ ಅಂತ ಬಾಟ್ ಹೇಳುವುದೂ ಒಳ್ಳೆಯದೇ. ರಾತ್ರಿ ಬಿಡುವು ಮಾಡಿಕೊಂಡು ರಿವ್ಯೂ ಮಾಡುವವರು ಕಾಮಾ, ಸ್ಪೇಸ್ ಹುಡುಕುತ್ತಾ ಕೂರುವುದು ತಪ್ಪುತ್ತದೆ.

ಪ್ರಾಜೆಕ್ಟ್ ಬಳಸುವ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅಪ್‌ಡೇಟ್ ಮಾಡಿಸುವ ಡಿಪೆಂಡಾಬಾಟ್‌ನದು ಬೇರೆ ಕಥೆ. ಹಳೆಯ ಲೈಬ್ರರಿಯಲ್ಲಿ ಭದ್ರತೆಯ ತೂತು ಇದ್ದರೆ ತಾನೇ ಪುಲ್ ರಿಕ್ವೆಸ್ಟ್ ಹಾಕುತ್ತದೆ, ಅದು ಬೇಕೇ ಬೇಕು. ಸಣ್ಣಪುಟ್ಟ ವರ್ಷನ್ ಬದಲಾವಣೆಗೂ ಒಂದೊಂದು ಹಾಕುತ್ತಾ ಹೋದರೆ ಮಾತ್ರ ಆ ರಾಶಿಯಲ್ಲಿ ಹೊಸಬರ ಕೆಲಸ ಕಣ್ಣಿಗೇ ಬೀಳುವುದಿಲ್ಲ. ನಾನು ನೋಡಿಕೊಳ್ಳುವ ಸಣ್ಣ ಲೈಬ್ರರಿಯಲ್ಲಿ ಅವನ್ನೆಲ್ಲ ಗುಂಪು ಮಾಡಿ, ವಾರಕ್ಕೊಮ್ಮೆ ಬರುವ ಹಾಗೆ ಇಟ್ಟಿದ್ದೇನೆ.

ನನಗೆ ನಿಜವಾಗಿ ಸಿಟ್ಟು ಬರುವುದು ಸ್ಟೇಲ್ ಬಾಟ್ ಮೇಲೆ, ಅಂದರೆ ಬಹಳ ದಿನ ಸುಮ್ಮನೆ ಬಿದ್ದಿರುವ ಇಶ್ಯೂಗಳನ್ನು (ಬಗ್ ದೂರುಗಳಂಥವು) ಮುಚ್ಚಿಬಿಡುವ ಬಾಟ್. ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಜಾಸ್ತಿ ಬಳಸುವ ಸ್ಟೇಲ್ ಆಕ್ಷನ್‌ನ ಸೆಟ್ಟಿಂಗ್ ಮುಟ್ಟದಿದ್ದರೆ, 60 ದಿನ ಯಾರೂ ಮಾತಾಡದ ಇಶ್ಯೂಗೆ 'ಸ್ಟೇಲ್' (ಹಳಸಿದ್ದು) ಅಂತ ಲೇಬಲ್ ಬೀಳುತ್ತದೆ. ಇನ್ನು 7 ದಿನ ಕಳೆದರೆ ಕ್ಲೋಸ್. ಬಗ್ ಇದ್ದಲ್ಲೇ ಇರುತ್ತದೆ. 60 ದಿನ ಸುಮ್ಮನಿದ್ದವರು ಮೇಂಟೇನರ್‌ಗಳು (ಪ್ರಾಜೆಕ್ಟ್ ನೋಡಿಕೊಳ್ಳುವವರು), 7 ದಿನದಲ್ಲಿ ಉತ್ತರ ಕೊಡಬೇಕಾದವರು ನಾವು! ನಾನಿರುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಹತ್ತಿರ. ಜುಲೈ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಮತ್ತೆ ಬರೋಕೆ ಎಷ್ಟು ದಿನವೋ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಲಾಗ್ ಎಲ್ಲ ತೆಗೆದು, ಕೂತು ವಿವರ ಬರೆದವರಿಗೆ ಒಬ್ಬ ಮನುಷ್ಯ 'ನೋಡಿದೆ, ಈಗ ಸಮಯ ಇಲ್ಲ' ಅಂತ ಒಂದು ಸಾಲು ಬರೆದರೂ ಸಾಕು. ಆ ಒಂದು ಸಾಲಿನ ಕೆಲಸವನ್ನು ಬಾಟ್‌ಗೆ ಬಿಡಬಾರದು. ಕುಬರ್ನೆಟಿಸ್‌ನಲ್ಲೂ ಇಂಥ ಬಾಟ್ ಇದೆ, ಆದರೆ ಅಲ್ಲಿ ಕ್ಲೋಸ್ ಮಾಡುವ ಮುಂಚೆ 90 ದಿನ, ಆಮೇಲೆ 30, ಮತ್ತೆ 30 ದಿನ ಸಿಗುತ್ತದೆ.

ನೀವು ಹಾಕಿದ ಇಶ್ಯೂವನ್ನೂ ಬಾಟ್ ಕ್ಲೋಸ್ ಮಾಡಿದರೆ ಬಿಟ್ಟುಬಿಡಬೇಡಿ. ಹೊಸ ವರ್ಷನ್‌ನಲ್ಲಿ ಒಮ್ಮೆ ಓಡಿಸಿ ನೋಡಿ. ಬಗ್ ಇನ್ನೂ ಇದ್ದರೆ ವರ್ಷನ್ ನಂಬರ್ ಹಾಕಿ, 'ರೀಓಪನ್ (ಮತ್ತೆ ತೆರೆಯಿರಿ) ಮಾಡಿ' ಅಂತ ಅಲ್ಲೇ ಕಾಮೆಂಟ್ ಬರೆಯಿರಿ.