ಓಡಿ ಹತ್ತಿಸಬೇಡಿ, ಗುಂತಕಲ್‌ನಲ್ಲಿ ಇಳಿಸಿ

ಪ್ರಶ್ನೆ: ನಾನು ಕೊಪ್ಪಳದವನು, ಕಥೆ ಬರೆಯುವ ಹುಚ್ಚಿದೆ. ನನ್ನ ಕಥೆ 1975ರಲ್ಲಿ ನಡೆಯುತ್ತದೆ. ಅಪ್ಪನ ಮೇಲೆ ಸಿಟ್ಟಾದ ಹುಡುಗನೊಬ್ಬ ಹೊರಟ ರೈಲಿನ ಹಿಂದೆ ಓಡಿ, ಕಂಬಿ ಹಿಡಿದು ಹತ್ತುತ್ತಾನೆ. ಮುಂದಿನ ಪ್ಯಾರಾದಲ್ಲಿ ಬಾಂಬೆ. ಗೆಳೆಯರು "ಸಿನಿಮಾ ಆಯ್ತಲ್ಲೋ" ಅಂತ ನಗುತ್ತಾರೆ. ಎಲ್ಲಿ ಎಡವಿದ್ದೇನೆ?

ಉತ್ತರ: ಗೆಳೆಯರು ಸರಿಯಾಗೇ ನಕ್ಕಿದ್ದಾರೆ. ಆ ಓಟವನ್ನು ನಾವೆಲ್ಲ ನೂರು ಸಲ ನೋಡಿದ್ದೇವೆ, ಅಲ್ವಾ? ನಿಮ್ಮ ಹುಡುಗ ಸುಮ್ನೆ ಹತ್ತಿ ಕೂರಲಿ. ಆಗ ಅದು ಒಂಟಿ ಹಳಿಯ ದಾರಿ. ಎದುರಿನ ಗಾಡಿ ಬರುವ ತನಕ ಇವನ ಗಾಡಿ ಕದಲುವುದಿಲ್ಲ. ಆ ಕಾಲದಲ್ಲಿ ಡ್ರೈವರ್ ಕೈಗೆ ಬೆತ್ತದ ದೊಡ್ಡ ಬಳೆಯೊಂದನ್ನು ಕೊಡುತ್ತಿದ್ದರು. ಅದಕ್ಕೆ ಕಟ್ಟಿದ ಚರ್ಮದ ಚೀಲದಲ್ಲಿ ಒಂದು ಲೋಹದ ಗುಂಡು. ಅದೇ ಟೋಕನ್. ಅದು ಕೈಗೆ ಬರದೆ ಮುಂದಿನ ಸ್ಟೇಷನ್ ಕಡೆ ಹೊರಡುವಂತಿಲ್ಲ. ಈಗ ನೋಡಿ: ಹುಡುಗ ಕಿಟಕಿಯ ಪಕ್ಕ ಕೂತಿದ್ದಾನೆ, ಅಪ್ಪ ಯಾವ ಗಳಿಗೆಯಲ್ಲಾದರೂ ಸ್ಟೇಷನ್‌ಗೆ ಬರಬಹುದು, ಆ ಬಳೆ ಮಾತ್ರ ಬರುತ್ತಿಲ್ಲ. ಓಟಕ್ಕಿಂತ ಇದು ಜಾಸ್ತಿ ಎದೆ ಬಡಿಸುತ್ತದೆ.

ಇಂಥದ್ದರಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಪಳಗಿದ ಕೈ. 1865ರ ಸ್ಟೇಪಲ್‌ಹರ್ಸ್ಟ್ ರೈಲು ಅಪಘಾತದಲ್ಲಿ ಅವನು ಉಳಿದುಕೊಂಡ. ಮರುವರ್ಷ 'ಸಿಗ್ನಲ್‌ಮ್ಯಾನ್' ಕಥೆ ಬರೆದ. ಅದು ದೆವ್ವದ ಕಥೆ. ಆದರೆ ನಮ್ಮನ್ನು ಹೆದರಿಸುವುದು ಕ್ಯಾಬಿನ್ನಿನ ಗಂಟೆ, ಸುರಂಗದ ಬಾಯಿಯ ಕೆಂಪು ದೀಪ. ದಿನಾ ಕೈಯಾಡಿಸುವ ಸಾಮಾನುಗಳೇ.

ಇನ್ನು ಬಾಂಬೆ. ಕೊಪ್ಪಳದಿಂದ ಅಲ್ಲಿಗೆ ಒಂದೇ ಗಾಡಿಯಲ್ಲಿ ಹೋಗಲು ಆಗುತ್ತಲೇ ಇರಲಿಲ್ಲ. ನಮ್ಮದು ಆಗ ಮೀಟರ್ ಗೇಜ್, ಹಳಿಗಳ ನಡುವೆ ಒಂದೇ ಮೀಟರ್. ಬಾಂಬೆಯದು ಬ್ರಾಡ್ ಗೇಜ್, 1.676 ಮೀಟರ್. ಎಲ್ಲಾದರೂ ಇಳಿದು ಗಾಡಿ ಬದಲಿಸಲೇಬೇಕು. ಗದಗ ಮೇಲೆ ಸೊಲ್ಲಾಪುರಕ್ಕೆ ಹೋಗಿ ಬದಲಿಸಬಹುದಿತ್ತು. ಹುಬ್ಬಳ್ಳಿ, ಬೆಳಗಾವಿ ಮೇಲೆ ಮಿರಜ್‌ಗೂ ಹೋಗಬಹುದಿತ್ತು. ಇಲ್ಲಾ ಪೂರ್ವಕ್ಕೆ ಹೊರಟು ಹೊಸಪೇಟೆ, ಬಳ್ಳಾರಿ ದಾಟಿ ಗುಂತಕಲ್.

ನಾನಾಗಿದ್ದರೆ ಗುಂತಕಲ್‌ಗೇ ಕಳಿಸುತ್ತಿದ್ದೆ. ಸುತ್ತ ತೆಲುಗು ಮಾತು. ಹೊಟ್ಟೆ ಹಸಿದಿದೆ, ಸಿಟ್ಟು ಅರ್ಧ ಇಳಿದಿದೆ. ಆ ಕಡೆ ಬಾಂಬೆಯ ದೊಡ್ಡ ಗಾಡಿ ಬರಬೇಕು, ಈ ಕಡೆ ಕೊಪ್ಪಳಕ್ಕೆ ವಾಪಸ್ ಹೋಗುವ ಸಣ್ಣ ಗಾಡಿ ನಿಂತಿದೆ. ಮನೆ ಬಿಟ್ಟದ್ದು ಸಿಟ್ಟಿನಲ್ಲಿ. ಇಲ್ಲಿ ಮಾತ್ರ ಅವನು ತಣ್ಣಗೆ ಕೂತು ಯೋಚಿಸಲೇಬೇಕು.

ದೊಡ್ಡ ಗಾಡಿಯನ್ನೇ ಹತ್ತಿದ ಅಂದುಕೊಳ್ಳಿ. ಅದು ಆದೋನಿ ದಾಟಿ ಎಲ್ಲಿಗೆ ಬರುತ್ತದೆ? ರಾಯಚೂರಿಗೆ! ಆಗ ಕೊಪ್ಪಳ ಇದ್ದದ್ದು ರಾಯಚೂರು ಜಿಲ್ಲೆಯಲ್ಲೇ. ಊರು ಬಿಟ್ಟು ಓಡಿದವನು ಆಂಧ್ರ ಸುತ್ತಿ ತನ್ನ ಜಿಲ್ಲಾ ಕೇಂದ್ರಕ್ಕೇ ಬಂದು ನಿಂತಂತಾಯಿತು. ಕೋರ್ಟು, ಡಿಸಿ ಆಫೀಸು ಅಂತ ಕೊಪ್ಪಳದ ಮಂದಿ ಓಡಾಡುವ ಊರು ಅದು. ಕಿಟಕಿಯ ಹತ್ತಿರ ಗುರುತಿನ ಮುಖವೊಂದು ಬಂದು, "ಏನ ತಮ್ಮಾ, ಇಲ್ಲೇನ್ ಮಾಡಾಕತ್ತಿ? ನಿಮ್ಮಪ್ಪಾರು ಎಲ್ಲದಾರ?" ಅಂದರೆ? ಈ ತಿರುವನ್ನು ನಾನು ಕಟ್ಟಿದ್ದಲ್ಲ, ರೈಲ್ವೆ ನಕ್ಷೆಯೇ ಪುಕ್ಕಟೆ ಕೊಟ್ಟದ್ದು. ರಾಯಚೂರು ಬಿಟ್ಟ ಸ್ವಲ್ಪ ಹೊತ್ತಿಗೆ ಕೃಷ್ಣಾ ಸೇತುವೆ. ಗಾಲಿಗಳ ಸದ್ದು ಬದಲಾಗುತ್ತದೆ, ಹೊಳೆಯ ಜೊತೆ ಜಿಲ್ಲೆಯೂ ಮುಗಿಯುತ್ತದೆ. ಕಥೆ ಅಲ್ಲೇ ನಿಲ್ಲಿಸಿ. ಬಾಂಬೆಯ ಪ್ಯಾರಾ ಹೊಡೆದುಹಾಕಿ.

ಪ್ರಶ್ನೆ: ಮೊದಮೊದಲ ಸಿನಿಮಾವೊಂದರಲ್ಲಿ ರೈಲು ಬರುವುದನ್ನು ನೋಡಿ ಜನ ಎದ್ದು ಓಡಿದರಂತೆ, ನಿಜವೇ? (ರಾಯಚೂರಿನ ಓದುಗರು)

ಉತ್ತರ: ಕೇಳಲು ಚೆನ್ನಾಗಿದೆ, ಆದರೆ ಪುರಾವೆ ಸಿಕ್ಕಿಲ್ಲ ಅನ್ನುತ್ತಾರೆ ಸಿನಿಮಾ ಇತಿಹಾಸಕಾರರು. ಅದು ಫ್ರಾನ್ಸಿನ ಲುಮಿಯೇರ್ ಸಹೋದರರ ಚಿತ್ರ, ಒಂದು ನಿಮಿಷವೂ ಇಲ್ಲ. ಲಾ ಸಿಯೋತಾ ಸ್ಟೇಷನ್‌ಗೆ ಗಾಡಿ ಬರುತ್ತದೆ, ಜನ ಹತ್ತಿ ಇಳಿಯುತ್ತಾರೆ, ಅಷ್ಟೇ. ಬಾಂಬೆಯ ವಾಟ್ಸನ್ ಹೋಟೆಲ್‌ನಲ್ಲಿ 1896ರ ಜುಲೈ 7ರಂದು ಅವರ ಚಿತ್ರಗಳ ಮೊದಲ ಪ್ರದರ್ಶನ ಆಯಿತು, ಟಿಕೆಟ್ ಒಂದು ರೂಪಾಯಿ. ನಿಮ್ಮ ಊರಲ್ಲಿ ಬಾಂಬೆ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಕೂಡಿದ್ದು 1871ರಲ್ಲಿ. ಅಂದರೆ ಆ ಹೊತ್ತಿಗೆ ರಾಯಚೂರಿನವರು 25 ವರ್ಷದಿಂದ ನಿಜವಾದ ರೈಲನ್ನೇ ನೋಡುತ್ತಿದ್ದರು. ಪರದೆಯ ಗಾಡಿ ನೋಡಿ ಓಡುತ್ತಿದ್ದರೇ? ಕೂರಲು ಜಾಗ ಹುಡುಕುತ್ತಿದ್ದರು.

ಪ್ರಶ್ನೆ: ಬಳ್ಳಾರಿಯಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ಹಳಿಯ ಮೇಲೆ ಮೊಬೈಲ್‌ನಲ್ಲಿ ಎರಡು ಶಾಟ್ ತೆಗೆದರೆ ತೊಂದರೆಯೇ?

ಉತ್ತರ: ತೊಂದರೆಯೇ. ಅನುಮತಿ ಇಲ್ಲದೆ ಹಳಿಗೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಅದಕ್ಕಿಂತ ಮೊದಲು ಜೀವದ ಮಾತು. ಬೋಗಿಯ ಒಳಗಿನ ದೃಶ್ಯವನ್ನು ಕೋಣೆಯಲ್ಲೇ ಮಾಡಿ. ಸತ್ಯಜಿತ್ ರೇ ಅವರ 'ನಾಯಕ್' (1966) ಬಹುಪಾಲು ರೈಲಿನಲ್ಲೇ ನಡೆಯುತ್ತದೆ, ಬೋಗಿ ಮಾತ್ರ ಸ್ಟುಡಿಯೋದ ಸೆಟ್. ನಿಮಗೆ ಒಂದು ಕಿಟಕಿ, ಓಡುವ ನೆರಳು, ಚೆನ್ನಾಗಿ ರೆಕಾರ್ಡ್ ಮಾಡಿದ ಸದ್ದು ಸಾಕು.

ಹೊರಗಿನ ಶಾಟ್ ಬೇಕೇ ಬೇಕು ಅಂದರೆ ಹೊಲದವರನ್ನು ಕೇಳಿಕೊಂಡು, ರೈಲ್ವೆ ಜಾಗದ ಆಚೆಯಿಂದ, ಬೆಳೆಯ ನಡುವೆ ತೆಗೆಯಿರಿ. ಆದರೆ ಕೊಯ್ಲು ಯಾವಾಗ ಅಂತ ಮೊದಲೇ ಕೇಳಿ. 'ಪಥೇರ್ ಪಾಂಚಾಲಿ'ಯ ರೈಲಿನ ದೃಶ್ಯಕ್ಕೆ ರೇ ಒಂದು ದಿನ ಶೂಟಿಂಗ್ ಮಾಡಿ ಮುಂದಿನ ವಾರ ಬಂದರೆ, ಬಿಳಿ ಹೂವಿನ ಹುಲ್ಲನ್ನೆಲ್ಲ ದನ ಮೇಯ್ದುಬಿಟ್ಟಿದ್ದವು. ಮತ್ತೆ ಹೂ ಬಿಡಲಿ ಅಂತ ಮುಂದಿನ ವರ್ಷದ ತನಕ ಕಾದರು.