ಪಿಯು ಶುರುವಾಗುವ ಮೊದಲೇ ಕ್ಯಾಲ್ಕುಲಸ್ ಮುಗಿಸಿದರೆ ಫಿಸಿಕ್ಸ್ ಸಲೀಸಾಗುತ್ತಾ?

ಎಸ್ಸೆಸ್ಸೆಲ್ಸಿ ಮುಗಿದಿದೆ, ಎರಡು ತಿಂಗಳು ರಜೆ ಇದೆ, ಅಷ್ಟರಲ್ಲಿ ಕ್ಯಾಲ್ಕುಲಸ್ ಪೂರ್ತಿ ಕಲಿತುಬಿಡಲಾ ಅಂತ ಕೇಳಿದ್ದೀರಿ. ನಾನು ಯಾರನ್ನೂ ಕೇಳಲಿಲ್ಲ, ಮಾಡಿಯೇಬಿಟ್ಟೆ. ಅದಕ್ಕೇ ಹೇಳುತ್ತಿದ್ದೇನೆ, ಬೇಡ.

ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ದೊಡ್ಡಮ್ಮನ ಮಗಳು ಸೆಕೆಂಡ್ ಪಿಯು ಮುಗಿಸಿ ಅಟ್ಟಕ್ಕೆ ಹಾಕಿದ್ದ ಗಣಿತದ ಪುಸ್ತಕ ತಂದುಕೊಂಡೆ. ಮಧ್ಯಾಹ್ನ ಕರೆಂಟ್ ಹೋದಾಗ ಜಗುಲಿ ಮೇಲೆ ಕೂತು ಲೆಕ್ಕ ಹಾಕಿದ್ದೇ ಹಾಕಿದ್ದು. ಇಂಟಿಗ್ರೇಷನ್ ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರಾಕ್ಷನ್ಸ್ ಅಂತ ಇಂಟಿಗ್ರೇಟ್ ಮಾಡುವ ಕಷ್ಟದ ವಿಧಾನ ಎಲ್ಲ ಬಂತು. ಮೂರು ನೋಟ್‌ಬುಕ್ ತುಂಬಿತು. ಕಾಲೇಜು ಸೇರುವಾಗ ನನ್ನಷ್ಟು ಜಂಬ ಯಾರಿಗೂ ಇರಲಿಲ್ಲ.

ಮೊದಲ ಫಿಸಿಕ್ಸ್ ಟೆಸ್ಟ್‌ನಲ್ಲಿ ಐದು ಮಾರ್ಕ್ಸ್‌ನ ಒಂದು ಲೆಕ್ಕ ಬಂತು. ನಿಂತಿದ್ದ ವಸ್ತು ಹೊರಡುತ್ತದೆ, ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) 6ಟಿ, ಟಿ ಅಂದರೆ ಹೊರಟು ಎಷ್ಟು ಸೆಕೆಂಡ್ ಆಯಿತು ಅಂತ, ಎರಡು ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? ನಾನು ಏನು ಮಾಡಿದೆ ಗೊತ್ತಾ? ಟಿ ಅಂದರೆ 2, ಹಾಗಾದರೆ ವೇಗೋತ್ಕರ್ಷ 12. ಬಾಯಿಪಾಠದ ಸೂತ್ರ ಇತ್ತಲ್ಲ, 'ಎಸ್ ಈಕ್ವಲ್ ಟು ಯುಟಿ ಪ್ಲಸ್ ಹಾಫ್ ಎಟಿ ಸ್ಕ್ವೇರ್', ಅದರಲ್ಲಿ 12 ಹಾಕಿದೆ. 24 ಮೀಟರ್ ಬಂತು. ಸರಿಯಾದ ಉತ್ತರ 8. ಮೂರು ಪಟ್ಟು ತಪ್ಪು, ಸೊನ್ನೆ ಮಾರ್ಕ್ಸು.

ಈಗ ನೋಡಿ, 6ಟಿ ಇಂಟಿಗ್ರೇಟ್ ಮಾಡು ಅಂದಿದ್ದರೆ ನಿದ್ದೆಗಣ್ಣಲ್ಲೂ 3ಟಿ ಸ್ಕ್ವೇರ್ ಅಂತಿದ್ದೆ. ಇನ್ನೊಂದು ಸಲ ಮಾಡಿದರೆ ಟಿ ಕ್ಯೂಬ್, ಟಿ ಜಾಗದಲ್ಲಿ 2 ಹಾಕಿದರೆ 8. ಎರಡೇ ಸಾಲು. ಅದಕ್ಕಿಂತ ಹತ್ತು ಪಟ್ಟು ಕಷ್ಟದ್ದು ನನ್ನ ನೋಟ್‌ಬುಕ್‌ನಲ್ಲಿತ್ತು. ಆದರೆ ಇದು ಇಂಟಿಗ್ರೇಷನ್ ಲೆಕ್ಕ ಅಂತಲೇ ನನಗೆ ಹೊಳೆಯಲಿಲ್ಲ. ಪ್ರಶ್ನೆಯಲ್ಲಿ ಆ ಉದ್ದ ಎಸ್ ಗುರುತು ಇರಲಿಲ್ಲವಲ್ಲ! ಆ ಗುರುತು ಕಂಡರೆ ಏನು ಮಾಡಬೇಕು ಅಂತ ಕಲಿತಿದ್ದೆ, ಅದನ್ನು ಯಾವಾಗ ಹಾಕಬೇಕು ಅಂತ ಯಾವ ಪುಟದಲ್ಲೂ ಹುಡುಕಿರಲಿಲ್ಲ. ಬಾಯಿಪಾಠದ ಆ ಸೂತ್ರ ವೇಗೋತ್ಕರ್ಷ ಬದಲಾಗದೆ ಇದ್ದರೆ ಮಾತ್ರ ನಡೆಯುತ್ತದೆ, ಇಲ್ಲಿ ಅದು ಸೊನ್ನೆಯಿಂದ 12ರವರೆಗೆ ಏರುತ್ತಾ ಇದೆ, ನಾನು ಕೊನೇ ಕ್ಷಣದ ಬೆಲೆಯನ್ನು ಮೊದಲಿಂದಲೂ ಇತ್ತು ಅಂದುಕೊಂಡುಬಿಟ್ಟೆ. ಸರ್ ಬೋರ್ಡ್ ಮೇಲೆ ಬಿಡಿಸಿ ತೋರಿಸಿದರೂ ಇಷ್ಟು ತಲೆಗೆ ಹೋಗಲಿಲ್ಲ.

ಹೋಗಿದ್ದು ನಮ್ಮಪ್ಪನಿಂದ. ಅಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ಕಬ್ಬು ಬೆಳೆಯುವವರು, ಮಳೆಗಾಲದಲ್ಲಿ ಪೇಪರ್ ಬಂದರೆ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್ ಅಣೆಕಟ್ಟಿನ) ಮಟ್ಟ. 124.8 ಅಡಿ ತುಂಬಿದ ದಿನ ಮನೆಯಲ್ಲಿ ಹಬ್ಬ. ಒಂದು ದಿನ ಪೇಪರ್‌ನಲ್ಲಿ ಒಳಹರಿವು 36 ಸಾವಿರ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು, ಅಂತಿತ್ತು (ದುಂಡು ಅಂಕಿ ಹೇಳುತ್ತಿದ್ದೇನೆ). ಮಳೆ ಶುರುವಾಗಿ ಆರು ದಿನ ಆಗಿತ್ತು. ನಾನು ಜಾಣ ಅಲ್ವಾ, ತಕ್ಷಣ ಲೆಕ್ಕ ಹಾಕಿದೆ. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ (ನೂರು ಕೋಟಿ ಘನ ಅಡಿ). 36 ಸಾವಿರ, ಆರು ದಿನ, ಅಂದರೆ ಹದಿನೆಂಟೂವರೆ ಟಿಎಂಸಿಗಿಂತ ಜಾಸ್ತಿ ಬಂದಿದೆ ಅಂದೆ.

ಅಪ್ಪ ನಕ್ಕರು. "ಇವತ್ತಿನ ನೀರ್ನ ಮೊದಲ್ನೇ ದಿನಕ್ಕೂ ಹಚ್ಚಿಬುಟ್ಟಲ್ಲೋ ಮಗಾ! ಅವತ್ತು ಆರೇ ಸಾವ್ರ ಇತ್ತು ಕಣ್ಲಾ."

ಆಮೇಲೆ ಪೇಪರ್ ಅಂಚಿನಲ್ಲೇ ಬರೆದರು. 6, 12, 18, 24, 30, 36. ಒಂದೊಂದು ದಿನದ್ದು ಕೂಡಿದರು, 126 ಸಾವಿರ. ಹನ್ನೊಂದು ಟಿಎಂಸಿಗೆ ಸ್ವಲ್ಪ ಕಮ್ಮಿ. ಬದಲಾಗುತ್ತಾ ಹೋಗುವುದನ್ನು ಚೂರು ಚೂರಾಗಿ ಕೂಡುವುದೇ ಇಂಟಿಗ್ರೇಷನ್, ಅಪ್ಪ ಮಾಡಿದ್ದೂ ಅದೇ, ನಾನು ಮಾಡಿದ್ದು ಟೆಸ್ಟ್‌ನ ಅದೇ ತಪ್ಪು. ಆ ಪೇಪರ್ ತುಂಡು ಇನ್ನೂ ನನ್ನ ಹತ್ತಿರ ಇದೆ.

ಈಗ ಮೈಸೂರಲ್ಲಿ ಪಿಯು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ವೇಗೋತ್ಕರ್ಷ ಮೈನಸ್ ಅಂದ ಕೂಡಲೇ ಗಾಡಿ ಹಿಂದಕ್ಕೆ ಹೋಗುತ್ತಿದೆ ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಒಳಹರಿವು ದಿನೇ ದಿನೇ ಇಳಿಯುತ್ತಿದ್ದರೂ ಹೊರಹರಿವಿಗಿಂತ ಜಾಸ್ತಿ ಇರುವ ತನಕ ಕಟ್ಟೆಯ ಮಟ್ಟ ಏರುತ್ತಲೇ ಇರುತ್ತದಲ್ಲ, ಹಾಗೇ ಮುಂದಕ್ಕೆ ಹೋಗುತ್ತಿರುವ ಗಾಡಿ ನಿಧಾನವಾಗುತ್ತಾ ಮುಂದಕ್ಕೇ ಹೋಗುತ್ತದೆ ಅಂದರೆ ಸಾಕು, ಅರ್ಥವಾಗುತ್ತದೆ.

ಕ್ಯಾಲ್ಕುಲಸ್ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಫಸ್ಟ್ ಪಿಯು ಗಣಿತದಲ್ಲಿ ಡೆರಿವೇಟಿವ್ (ಬದಲಾಗುವ ದರ) ಬರುವುದು ಪುಸ್ತಕದ ಕೊನೆಯ ಕಡೆ, ಇಂಟಿಗ್ರೇಷನ್ ಅಂತೂ ಸೆಕೆಂಡ್ ಪಿಯುಗೆ. ಫಿಸಿಕ್ಸ್‌ನವರು ಚಲನೆಯ ಪಾಠದಲ್ಲೇ, ಅಂದರೆ ಶುರುವಿನಲ್ಲೇ, ಅದನ್ನು ಕೇಳುತ್ತಾರೆ. ಹಾಗಾಗಿ ಹತ್ತು ದಿನದ ಕೆಲಸ ಮಾಡಿಕೊಳ್ಳಿ. ಗ್ರಾಫ್‌ನ ಇಳಿಜಾರು ಅಂದರೆ ಏನು, ಗ್ರಾಫ್ ಕೆಳಗಿನ ಜಾಗ ಅಂದರೆ ಏನು, ಟಿ ಸ್ಕ್ವೇರ್, ಟಿ ಕ್ಯೂಬ್, ಸೈನ್, ಕಾಸ್ ಇವುಗಳ ಡೆರಿವೇಟಿವ್ ಮತ್ತು ವಾಪಸ್ ಬರುವ ದಾರಿ, ಅಂದರೆ ಇಂಟಿಗ್ರೇಷನ್, ಅಷ್ಟೇ. ಸ್ಪ್ರಿಂಗ್ ಎಳೆದಾಗ ಆಗುವ ಕೆಲಸಕ್ಕೂ, ಲೋಲಕದ ಓಲಾಟಕ್ಕೂ ಬಹುಪಾಲು ಇಷ್ಟೇ ಸಾಕು. ಗ್ರಾಫ್ ಶೀಟ್ ತಂದು ಕೈಯಲ್ಲೇ ಎಳೆಯಿರಿ, ಮೊಬೈಲ್ ಆ್ಯಪ್ ಬೇಡ.

ಕೋಚಿಂಗ್‌ನವರು ರಜೆಯಲ್ಲೇ ಎಲ್ಲ ಮುಗಿಸಿಕೊಡುತ್ತೇವೆ ಅಂತಾರೆ ಅಂತಲೂ ಬರೆದಿದ್ದೀರಿ. ಆ ದುಡ್ಡು ಉಳಿಸಿ. ಜೂನ್ ಬರಲಿ, ಮಳೆ ಹಿಡಿಯಲಿ, ಪೇಪರ್‌ನಲ್ಲಿ ದಿನಾ ಬರುವ ಒಳಹರಿವು ಗ್ರಾಫ್ ಶೀಟ್ ಮೇಲೆ ಗುರುತು ಹಾಕುತ್ತಾ ಹೋಗಿ. ಹೊರಹರಿವು ಕಳೆಯುವುದನ್ನು ಮರೆಯಬೇಡಿ, ನಾನೂ ಅಪ್ಪನೂ ಅವತ್ತು ಅದನ್ನು ಮರೆತಿದ್ದೆವು.